ತಪಸ್ಸಿಗೆ ನಿಂತ ಗಿಳಿ

ಚಾಮರಾಜಪೇಟೆಯ ಕಂಪ್ಯೂಟರ್ ಎಂಬ್ರಾಯ್ಡರಿ ಅಂಗಡಿಯಲ್ಲಿ ಆರು ಸೂಜಿಗಳು ಒಟ್ಟಿಗೆ ಓಡಿ, ಆರು ರವಿಕೆ ತೋಳುಗಳ ಮೇಲೆ ಆರು ಗಿಳಿಗಳನ್ನು ಕೂರಿಸಿದವು. ಎಲ್ಲಕ್ಕೂ ಒಂದೇ ಕಾಲು! ಕೈಕಸೂತಿಗೆ ಗಿರಾಕಿಗಳು ತಪ್ಪಿ, ಅಲ್ಲಿಗೆ ಕೆಲಸ ಕೇಳಲು ಹೋಗಿದ್ದ ನಾನು ಬೆಚ್ಚಿದೆ. ಆರನೇ ಕ್ಲಾಸಿಗೆ ಶಾಲೆ ಬಿಟ್ಟು ಕಸೂತಿ ಕಲಿಯುತ್ತಿದ್ದಾಗ, ಇನ್ನೊಂದು ಕಾಲು ಮರೆತು ನಾನೇ ಹೊಲಿದಿದ್ದ ಗಿಳಿ ಅದು. “ತಪಸ್ಸಿಗೆ ನಿಂತಿದೆ ಬಿಡೋ” ಎಂದು ಮೇಸ್ತ್ರಿ ನಕ್ಕಿದ್ದರು.

“ಹಳೇ ರವಿಕೆ ಸ್ಕ್ಯಾನ್ ಮಾಡಿದ್ದು ಅಂಕಲ್. ಯಾರೋ ಪುಣ್ಯಾತ್ಮ ಕಾಲೇ ಮರ್ತಿದಾನೆ, ಈಗ ಹಾಕ್ಬಿಡ್ತೀನಿ,” ಎಂದಳು ಕಂಪ್ಯೂಟರ್ ಮುಂದಿದ್ದ ಹುಡುಗಿ.

“ಬೇಡ ಕಣಮ್ಮಾ, ಆ ಪುಣ್ಯಾತ್ಮ ನಾನೇ. ಅದರ ತಪಸ್ಸು ಕೆಡಿಸ್ಬೇಡ!”

ಅವಳು ನಾಲಿಗೆ ಕಚ್ಚಿಕೊಂಡು, ಎದ್ದು ಕುರ್ಚಿ ಕೊಟ್ಟಳು.

ಆಮೇಲೆ ವರ್ಷಗಟ್ಟಲೆ ಆ ಯಂತ್ರಕ್ಕೆ ನಾನೇ ಚಿತ್ರ ಬರೆದುಕೊಟ್ಟೆ. ಈಗಲೂ ಗಾಂಧಿಬಜಾರಿನಲ್ಲಿ ಯಾರ ತೋಳಿನ ಮೇಲಾದರೂ ಗಿಳಿ ಕಂಡರೆ, ಮೊದಲು ಕಾಲು ಎಣಿಸುತ್ತೇನೆ.