ಮದುವೆ ಪತ್ರಿಕೆಗೆ ಕಪ್ಪು ಅಂಚು

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಪಾಂಡವಪುರದಲ್ಲಿ ಚಿಕ್ಕಪ್ಪನ ಪ್ರಿಂಟಿಂಗ್ ಪ್ರೆಸ್ಸಿತ್ತು. ಪದವಿ ಮುಗಿಸಿ ಮನೆಯಲ್ಲಿದ್ದ ನಾನು ಅಲ್ಲಿನ ಕಂಪ್ಯೂಟರಿನ ಮುಂದೆ ಕೂರುತ್ತಿದ್ದೆ. ಮ್ಯಾಗಜೀನಿನ ಜೊತೆ ಬಂದ ಸಿ.ಡಿ.ಯಿಂದ ಪೈಥಾನ್ ಭಾಷೆ ಕಲಿತು, ಆಹ್ವಾನ ಪತ್ರಿಕೆ ಜೋಡಿಸುವ ಪ್ರೋಗ್ರಾಮೊಂದನ್ನು ಬರೆದಿದ್ದೆ. ಅಕ್ಷರದ ಗಾತ್ರ, ಅಂಚು, ಎಡಬಲದಲ್ಲಿ ಬಿಡುವ ಜಾಗ, ಎಲ್ಲವನ್ನೂ ಅದರಲ್ಲಿ ಬೇಕಾದಂತೆ ಬದಲಾಯಿಸಬಹುದಿತ್ತು.

ಒಂದು ಬೆಳಿಗ್ಗೆ ವೈಕುಂಠ ಸಮಾರಾಧನೆಯ ಕಾರ್ಡಿಗೆಂದು ಹೂವಿನ ಅಂಚು ತೆಗೆದು ದಪ್ಪ ಕಪ್ಪು ಅಂಚು ಹಾಕಿದೆ. ಅದರ ಹಿಂದೆಯೇ ಹೊಣಕೆರೆಯ ರೈತರೊಬ್ಬರ ಮಗಳ ಮದುವೆ ಪತ್ರಿಕೆ. ಮಾದರಿ ಪ್ರತಿ ಹೊರಬಂದರೆ ವಧೂವರರ ಹೆಸರಿನ ಸುತ್ತ ಅದೇ ಕಪ್ಪು ಅಂಚು! ರೈತರು ಎದುರಿಗೇ ನಿಂತಿದ್ದರು.

“ಇದೇನವ್ವ, ನಾನು ಮದ್ವೆಗೆ ಕರೀತಾ ಇವ್ನೋ, ತಿಥಿಗೋ?”

“ಇನ್ನೂ ಅಚ್ಚಾಗಿಲ್ಲ ಬುಡಿ ಗೌಡ್ರೆ, ನಾಳೀಕೆ ಬನ್ನಿ” ಎಂದು ಅವರನ್ನು ಸಮಾಧಾನಪಡಿಸಿ ಕಳಿಸಿದ ಚಿಕ್ಕಪ್ಪ ನನ್ನ ಕಡೆ ತಿರುಗಿದರು. “ಈ ಪೆಟ್ಗೆ ಸಾವಾಸವೇ ಬ್ಯಾಡ ಕಣವ್ವ. ಮಾರ್ಬುಡ್ತೀನಿ.”

“ಒಂದಿನ ತಡೀರಿ ಚಿಕ್ಕಪ್ಪ” ಎಂದೆ.

ಒಂದು ಕಾರ್ಡು ಮುಗಿದ ಕೂಡಲೇ ಅದಕ್ಕೆ ಹಾಕಿದ್ದ ಎಲ್ಲವನ್ನೂ ಅಳಿಸಿಹಾಕುವಂತೆ ಮೊದಲು ಪ್ರೋಗ್ರಾಮನ್ನು ತಿದ್ದಿದೆ. ಕಪ್ಪು ಅಂಚೇನೋ ಹೋಯಿತು. ಜೊತೆಗೆ ಎಡಬಲದ ಜಾಗವೂ ಅಳಿಸಿಹೋಗಿ, ಅಕ್ಷರಗಳು ಕಾಗದದ ತುದಿಗೆ ಸರಿದು ಅರ್ಧರ್ಧ ಕತ್ತರಿಸಿಹೋದವು. ಆಗ ಹೊಳೆಯಿತು: ಹೊಸ ಆಯ್ಕೆಯನ್ನು ಮೂಲದ ಮೇಲೆಯೇ ಬರೆದು ನಾನು ಮೂಲವನ್ನೇ ಕಳೆಯುತ್ತಿದ್ದೆ. ಗಾತ್ರ, ಅಂಚು ಹೀಗೆ ಪ್ರತಿಯೊಂದಕ್ಕೂ ಎರಡೆರಡು ಖಾನೆ ಮಾಡಿದೆ. ಒಂದರಲ್ಲಿ ಯಾರೂ ಮುಟ್ಟದ ಮೂಲ ಆಯ್ಕೆ, ಇನ್ನೊಂದರಲ್ಲಿ ಆ ಹೊತ್ತಿಗೆ ಬೇಕಾದ ಆಯ್ಕೆ. ಎರಡನೆಯದು ಖಾಲಿಯಿದ್ದರೆ ಮೊದಲನೆಯದನ್ನು ತೆಗೆದುಕೊಳ್ಳಬೇಕು. ಒಂದು ಕಾರ್ಡು ಮುಗಿದೊಡನೆ ಎರಡನೆಯದು ತಾನಾಗಿಯೇ ಖಾಲಿಯಾಗಬೇಕು.

ಮರುದಿನ ರೈತರು ಬಂದಾಗ ಚಿಕ್ಕಪ್ಪ ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಕೂತರು. “ಮೊದ್ಲು ತಿಥಿ ಕಾರ್ಡು ತಗಿ, ಆಮ್ಯಾಕೆ ಮದ್ವೇದು. ನೋಡೇಬುಡವ.”

ಕಪ್ಪು ಅಂಚಿನದು ಹೊರಬಂತು. ಅದರ ಹಿಂದೆಯೇ ಮದುವೆ ಪತ್ರಿಕೆ: ಸುತ್ತಲೂ ಹೂವು, ಅಕ್ಷರಗಳೆಲ್ಲ ತಮ್ಮ ತಮ್ಮ ಜಾಗದಲ್ಲಿ. ಚಿಕ್ಕಪ್ಪ ಬಿಡಲಿಲ್ಲ, ಅದಲು ಬದಲು ಮಾಡಿ ಮತ್ತೆ ಮತ್ತೆ ತೆಗೆಸಿದರು. ಒಂದೂ ತಪ್ಪಲಿಲ್ಲ.

“ಈಗ ಕಳೆ ಬಂತು ನೋಡವ್ವ!” ಎಂದು ರೈತರು ಪತ್ರಿಕೆಯನ್ನು ಕಣ್ಣಿಗೊತ್ತಿಕೊಂಡರು.

ಸುದ್ದಿ ಹಬ್ಬಿತು. ಶ್ರೀರಂಗಪಟ್ಟಣ, ಕೆ.ಆರ್. ಪೇಟೆಯ ಪ್ರೆಸ್ಸಿನವರು ಬಂದು ನನ್ನ ಪ್ರೋಗ್ರಾಮು ಕೇಳಿದರು. ಚಿಕ್ಕಪ್ಪ ಅವರಿಗೆ ಕಾಫಿ ತರಿಸಿ, “ನಮ್ ಉಡ್ಗೀನೇ ಮಾಡಿದ್ದು ಕಣ್ರೀ, ಒಬ್ಳೇ!” ಎಂದರು. ಬೀದಿಯ ಆ ತುದಿಗೂ ಕೇಳಿಸಿರಬೇಕು. ನಾನು ತಲೆ ತಗ್ಗಿಸಲಿಲ್ಲ.