ಮಂಚದ ಮಗ್ಗುಲಿಂದ ಕಂಡ ಬಣ್ಣ

ಬಣ್ಣದ ಕಾಕಾನ ಉಗುರು ನೋಡಿದರೆ ಆ ವಾರ ನಾರಾಯಣಪೇಟೆಯ ಮಗ್ಗಗಳಲ್ಲಿ ಯಾವ ಸೀರೆ ಏರಿದೆ ಎಂದು ಹೇಳಬಹುದಿತ್ತು. ಬುಡದಲ್ಲಿ ಕುಂಕುಮ, ತುದಿಯಲ್ಲಿ ಹೋದ ವಾರದ ಹಸಿರು. ಮೊಣಕೈವರೆಗಿನ ಚರ್ಮದ ಬಣ್ಣಕ್ಕೆ ಮಾತ್ರ ಹೆಸರಿರಲಿಲ್ಲ. ನಲವತ್ತು ವರ್ಷ ಕುದಿಯುವ ನೀರಿನಲ್ಲಿ ನೂಲಿನ ಲಡಿ ಅದ್ದಿ ತೆಗೆದ ಕೈ ಅದು. ಊಟಕ್ಕೆ ಕೂತರೆ ಕಾಕಿ ಚಮಚ ತಂದಿಡುತ್ತಿದ್ದರು. ಆ ಕೈಯಿಂದ ಉಂಡರೆ ಹೊಟ್ಟೆಯಲ್ಲಿ ಸೀರೆ ಹುಟ್ಟುತ್ತವೆ ಎಂದು ನಗುತ್ತಿದ್ದರು.

ರಕ್ತಸಂಬಂಧವೇನೂ ಇರಲಿಲ್ಲ, ಪಕ್ಕದ ಮನೆಯವರು. ಕಾಕಾ ನೂಲಿಗೆ ಬಣ್ಣ ಹಾಕುವವರು. ಕಾಕಿ ನಡುಮನೆಯ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು ಅದೇ ನೂಲಿನಿಂದ ಸೀರೆ ನೇಯುವವರು. ಏಳನೆಯ ತರಗತಿಗೆ ಶಾಲೆ ಬಿಟ್ಟ ನಾನು, ಟಿವಿ ರಿಪೇರಿ ಕಲಿಯಲು ಹೋಗುವ ಮೊದಲು ಮೂರು ವರ್ಷ ಕಾಕಾನ ಹಂಡೆಗಳ ಮುಂದೆ ದುಡಿದೆ. ಅವರು ಸಮಾಧಾನದಲ್ಲಿದ್ದಾಗ ಕನ್ನಡ, ಸಿಟ್ಟು ಬಂದರೆ ತೆಲುಗು. ಎರಡು ಲಡಿ ಒಂದೇ ಬಣ್ಣ ಎಂದು ನಾನು ಅವಸರದಲ್ಲಿ ಹೇಳಿದರೆ "ಸರಿಗ್ಗಾ ಚೂಡು" ಎಂದು ಗದರುತ್ತಿದ್ದರು. ಸರಿಯಾಗಿ ನೋಡುವುದೆಂದರೆ ಬಿಸಿಲಲ್ಲಿ ನೋಡುವುದು, ನೆರಳಲ್ಲಿ ನೋಡುವುದು, ಆ ಮಗ್ಗುಲು ಈ ಮಗ್ಗುಲು ತಿರುವಿ ನೋಡುವುದು. "ಹಸಿ ಬಣ್ಣ ಸುಳ್ಳು ಹೇಳತೈತಿ. ಒಣಗಾಕ ಬಿಡು, ಆಮ್ಯಾಲ ಮಾತಾಡು," ಅನ್ನುತ್ತಿದ್ದರು.

ಅಷ್ಟೆಲ್ಲ ನೋಡಿದ ಮೇಲೂ ಕೊನೆಯ ಮಾತು ಅವರದಲ್ಲ. ಒಣಗಿದ ಲಡಿ ಮೊದಲು ಕಾಕಿಯ ಕೈಗೆ ಹೋಗಬೇಕು. ಅವರು ಕೂತಲ್ಲಿಂದಲೇ ಎತ್ತಿ ಹಿಡಿದು, ಇನ್ನೊಂದು ಮುಳುಗು ಬೇಕು ಎಂದರೆ ಕಾಕಾ ಎದುರಾಡದೆ ಮತ್ತೆ ಒಲೆ ಹೊತ್ತಿಸುತ್ತಿದ್ದರು. ಊರಿಗೆಲ್ಲ ಬಣ್ಣ ಹೇಳುವ ಗಂಡಸು ಹೆಂಡತಿಯ ಒಂದು ಮಾತಿಗೆ ಹಾಗೆ ತಲೆಬಾಗುವುದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಈಗ ನನ್ನದೇ ಟಿವಿ ಅಂಗಡಿ ಇದೆ. ಮಕ್ತಲ್, ಗದ್ವಾಲದಿಂದಲೂ ಜನ ಬಂದು ಯಾವುದು ಒಯ್ಯಲಿ ಎಂದು ಕೇಳುತ್ತಾರೆ. ಡಬ್ಬಿಯ ಮೇಲೆ ಬರೆದದ್ದನ್ನು ಓದಿ ಹೇಳುವವನಲ್ಲ ನಾನು. ಪರದೆ ಹೊತ್ತಿಸಿ, ಕಪ್ಪು ಎಷ್ಟು ಕಪ್ಪಾಗಿದೆ, ಕೆಂಪು ಎಲ್ಲಿ ಒಡೆಯುತ್ತದೆ ನೋಡಿ ಹೇಳುತ್ತೇನೆ. ಆ ಕಣ್ಣು ಕೊಟ್ಟವರು ಕಾಕಾ.

ಮೂರು ವರ್ಷದ ಹಿಂದೆ ಕಾಕಿಗೆ ಲಕ್ವ ಹೊಡೆದು ಎಡಭಾಗ ಬಿದ್ದುಹೋಯಿತು. ಮಾತು ನಿಧಾನವಾಯಿತು, ಬುದ್ಧಿ ಮೊದಲಿನಂತೆಯೇ ಇತ್ತು. ಮಲಗಿದವಳಿಗೆ ಹೊತ್ತು ಹೋಗಲಿ ಎಂದು ಕಾಕಾ ಟಿವಿ ತೆಗೆದುಕೊಳ್ಳಲು ಬಂದರು. ದಸರೆಗೆ ಇನ್ನೊಂದು ವಾರವಿತ್ತು. ಇಕ್ಕಟ್ಟಿನ ಅಂಗಡಿಯಲ್ಲಿ ಜನವೋ ಜನ. ಗೋಡೆಗೆ ಎರಡು ನಮೂನೆ ಇದ್ದವು. ಎರಡನ್ನೂ ಜನ ಎಲ್‌ಇಡಿ ಎಂದೇ ಕರೆಯುತ್ತಾರೆ, ಒಳಗಿನ ಪ್ಯಾನಲ್ ಮಾತ್ರ ಬೇರೆ. ವಿಎ ಎನ್ನುವುದರಲ್ಲಿ ಕಪ್ಪು ಕಾಡಿಗೆಯಷ್ಟು ಗಟ್ಟಿ, ಆದರೆ ಎದುರಿಗೆ ಕೂತವರಿಗೆ ಮಾತ್ರ. ಪಕ್ಕಕ್ಕೆ ಸರಿದರೆ ಬಣ್ಣ ಬಿಳಿಚಿಕೊಳ್ಳುತ್ತದೆ. ಐಪಿಎಸ್ ಎನ್ನುವುದರಲ್ಲಿ ಕಪ್ಪಿಗೆ ಸ್ವಲ್ಪ ಬೂದಿ ಬೆರೆತಂತಿರುತ್ತದೆ, ಆದರೆ ಯಾವ ಮಗ್ಗುಲಿಂದ ನೋಡಿದರೂ ಬಣ್ಣ ಕೆಡುವುದಿಲ್ಲ. ಎರಡೂ ಗುಣವಿರುವ ಓಎಲ್‌ಇಡಿಯನ್ನು ನಮ್ಮ ಕಡೆ ಕೇಳುವವರಿಲ್ಲ, ನಾನೂ ತರಿಸುವುದಿಲ್ಲ.

ನಾನು ಕಾಕಾನನ್ನು ವಿಎ ಮುಂದೆ ನಿಲ್ಲಿಸಿದೆ. ನನ್ನ ಅಂಗಡಿಯ ಕಪ್ಪನ್ನು ಅವರಿಗೆ ತೋರಿಸುವ ಆಸೆ ನನಗೆ. ಬಹಳ ಹೊತ್ತು ನೋಡಿ ಅವರು ಕೇಳಿದರು: "ಮಗ್ಗಲಿಂದ ನೋಡಿದರ ಹೆಂಗ ಕಾಣತೈತಿ?"

"ಟಿವಿ ಏನ್ ಸೀರಿ ಅಲ್ಲ ಕಾಕಾ, ತಿರುವಿ ತಿರುವಿ ನೋಡಾಕ," ಅಂದೆ.

ಸುತ್ತ ನಿಂತವರು ನಕ್ಕರು. ಕಾಕಾನೂ ನಕ್ಕು, ಇಲ್ಲಿ ನೀನೇ ಉಸ್ತಾದ ಎಂದು ಅದನ್ನೇ ಒಪ್ಪಿಕೊಂಡರು.

ಗೋಡೆಗೆ ಹಾಕಲು ನಾನೇ ಹೋದೆ. ಕಾಕಿ ಮಗ್ಗದ ಕುಣಿ ಮುಚ್ಚಲು ಬಿಟ್ಟಿರಲಿಲ್ಲ, ಹಾಗಾಗಿ ಅವರ ಮಂಚ ಕುಣಿಯ ಬದಿಯ ಗೋಡೆಗೆ ಒತ್ತಿಕೊಂಡಿತ್ತು. ಟಿವಿಗೆ ಉಳಿದದ್ದು ಕಾಲುಕಡೆಯ ಗೋಡೆ, ಅದರಲ್ಲೂ ಕುಣಿಯ ನೇರಕ್ಕಿದ್ದ ಜಾಗ ಮಾತ್ರ. ಡ್ರಿಲ್ ಹಿಡಿದು ತಿರುಗಿ ನೋಡಿದಾಗಲೇ ನನಗೆ ತಿಳಿಯಿತು: ಮಲಗಿದವರಿಗೆ ಪರದೆ ಪೂರಾ ಓರೆ. ತಿರುಗುವ ಸ್ಟ್ಯಾಂಡ್ ಅಂಗಡಿಯಲ್ಲೇ ಇತ್ತು. ಟಿವಿಯನ್ನೇ ಬದಲಾಯಿಸಬಹುದಿತ್ತು. ಆದರೆ ನಾಲ್ಕು ಜನರ ಮುಂದೆ ಆಡಿದ ಮಾತನ್ನು ನುಂಗಿಕೊಳ್ಳಲು ನನ್ನಿಂದಾಗಲಿಲ್ಲ. ತೂತು ಹಾಕಿ, ಬಿಗಿದು ಬಂದೆ.

ಸಂಜೆ ಕಾಕಾ ಮಗ್ಗದ ದಂಡೆಯ ಮೇಲೆ, ಟಿವಿಗೆ ನೇರ ಎದುರಿಗೆ ಕೂರುತ್ತಿದ್ದರು. ಕಾಕಿಗೆ ಉಣಿಸುವಾಗ ಅವರ ಬೆನ್ನು ಟಿವಿಗಿರುತ್ತಿತ್ತು. ಒಂದು ದಿನ ನಾನೂ ಇದ್ದೆ. ಧಾರಾವಾಹಿಯಲ್ಲಿ ಒಬ್ಬಳು ಸೀರೆ ಉಟ್ಟು ಬಂದಳು. ಬದನೆಕಾಯಿ ಬಣ್ಣ, ಥೇಟ್ ನಮ್ಮ ಹಂಡೆಯದು ಎಂದರು ಕಾಕಾ.

"ಬದನಿಕಾಯಿ ಎಲ್ಲೈತ್ರಿ?" ಎಂದರು ಕಾಕಿ. "ತೊಳದು ತೊಳದು ಬೂದಿ ಆಗೈತಿ ಅದು."

"ಲಕ್ವ ಕೈಗಷ್ಟ ಹೊಡದಿಲ್ಲ, ನಿನ್ನ ಕಣ್ಣಿಗೂ ಹೊಡದೈತಿ."

ಕಾಕಾ ನಗುತ್ತ, ಚಾಷ್ಟಿಗೆ ಅಂದದ್ದು. ಕಾಕಿ ನನ್ನ ಕಡೆ ನೋಡಿದರು. ಟಿವಿಯವನು ನಾನು, ನಾನೇನಾದರೂ ಹೇಳುತ್ತೇನೆಂದು ಕಾದರು. ನಾನು ಚಹಾ ಕುಡಿದು ಬಟ್ಟಲು ಕೆಳಗಿಟ್ಟೆ.

ಆಮೇಲೆ ಮತ್ತೆ ಮತ್ತೆ ಹಾಗೇ ಆಯಿತು. ಕಾಕಾ ಒಂದು ಬಣ್ಣ ಹೇಳುವುದು, ಕಾಕಿ ಇನ್ನೊಂದು. ಚಾಷ್ಟಿ ಮೆಲ್ಲಗೆ ನಂಬಿಕೆಯಾಯಿತು. ಬಣ್ಣ ಹಾಕಿದ ಲಡಿಗಳನ್ನು ಕಾಕಾ ಓಣಿಯ ಬೇರೆ ನೇಕಾರರಿಗೆ ತೋರಿಸತೊಡಗಿದರು. ಒಂದು ದಿನ ಹಳೆಯ ರೂಢಿಗೆ ಮಂಚದ ಹತ್ತಿರ ಒಯ್ದಾಗ ಕಾಕಿ ಮುಖ ಆಚೆ ಮಾಡಿ, ಕಣ್ಣು ಹೋದವಳಿಗೆ ಯಾಕೆ ತೋರಿಸುತ್ತೀರಿ ಎಂದರಂತೆ. ಅಂದಿನಿಂದ ಬಣ್ಣದ ಮಾತನ್ನೇ ಆಡಲಿಲ್ಲ. ಬರಬರುತ್ತ ತಮ್ಮ ಕಣ್ಣು ಹೋಗಿದೆ ಎಂದು ತಾವೇ ನಂಬಿದರು. ಗದ್ವಾಲದಿಂದ ಮಗಳು ಬಂದರೆ, ನೀ ಯಾವ ಬಣ್ಣದ ಸೀರೆ ಉಟ್ಟಿದ್ದೀ ಎಂದು ಅವಳನ್ನೇ ಕೇಳುತ್ತಿದ್ದರು. ಮುಂದಿನ ಚಳಿಗಾಲದಲ್ಲಿ ಕಾಕಿ ತೀರಿಕೊಂಡರು.

ದಿನಕರ್ಮ ಮುಗಿದ ಮೇಲೆ ಜ್ವರ ಬಂದು ಕಾಕಾ ಆ ಮಂಚದ ಮೇಲೆ ಮೊದಲ ಸಲ ಮಲಗಿದರು. ಟಿವಿ ಹಚ್ಚಿಯೇ ಇತ್ತು. ಮರುದಿನ ಬೆಳಗ್ಗೆ ನಾನು ಬಾಗಿಲು ತೆಗೆಯುವ ಮೊದಲೇ ಅಂಗಡಿಯ ಮೆಟ್ಟಿಲ ಮೇಲೆ ಕೂತಿದ್ದರು.

"ಅಕಿ ಹೇಳಿದ್ದು ಖರೆ ಇತ್ತಪಾ," ಎಂದರು. "ಮಂಚದ ಮ್ಯಾಲಿಂದ ಬೂದಿನ ಕಾಣತೈತಿ."

ನಾನು ಶಟರ್ ಎತ್ತುತ್ತಿದ್ದೆ.

"ಹಿಂಗ ಆಗತೈತಿ ಅಂತ ನಿನಗ ಗೊತ್ತಿತ್ತೇನು?"

"ಇಲ್ಲ ಕಾಕಾ," ಅಂದೆ.

ಅವರು ಒಂದಿಷ್ಟೂ ಅನುಮಾನಪಡಲಿಲ್ಲ. "ಗೊತ್ತಿಲ್ಲದಾಂವ ನೀ ಏನ್ ಮಾಡ್ತಿ? ತಪ್ಪು ನಂದ. ನಲವತ್ತು ವರ್ಷ ಅಕಿ ಕಣ್ಣ ನಂಬಿದಾಂವ, ಕಡೀಕ ಒಂದು ಡಬ್ಬಿ ನಂಬಿ ಅಕಿನ್ನ ಕುರುಡಿ ಮಾಡಿಬಿಟ್ಟೆ."

ಬೇರೆ ಟಿವಿ ಹಾಕಿಕೊಡುತ್ತೇನೆ ಎಂದೆ. ಯಾರು ನೋಡಲಿಕ್ಕೆ ಎಂದು ಕೇಳಿ ಎದ್ದು ಹೋದರು.

ಮುಂದೆ ಹಂಡೆಯ ಕೆಳಗೆ ಬೆಂಕಿ ಹೊತ್ತಲಿಲ್ಲ. ನೇಕಾರರು ಲಡಿ ಹೊತ್ತು ಬಂದರೆ, ನನಗೆ ಬಣ್ಣ ತಿಳಿಯುವುದಿಲ್ಲ ಎಂದು ತಿರುಗಿ ಕಳಿಸುತ್ತಿದ್ದರು. ಇಡೀ ದಿನ ಆ ಮಂಚದ ಮೇಲೆ ಮಗ್ಗುಲಾಗಿ ಮಲಗಿ ಟಿವಿ ನೋಡುತ್ತಿದ್ದರು. ಊಟ ಕಡಿಮೆಯಾಯಿತು. ನಾನು ದಿನಾ ಹೋಗಿ ಕಾಲ ಹತ್ತಿರ ಕೂರುತ್ತಿದ್ದೆ. ಇವತ್ತು ಹೇಳುತ್ತೇನೆ ಎಂದುಕೊಂಡೇ ಹೊಸ್ತಿಲು ದಾಟುತ್ತಿದ್ದೆ, ಔಷಧ ಕೊಟ್ಟು ಎದ್ದು ಬರುತ್ತಿದ್ದೆ. ಕಾಕಿ ಹೋಗಿ ಐದು ತಿಂಗಳೂ ತುಂಬಲಿಲ್ಲ, ಕಾಕಾನೂ ಹೋದರು.

ಹೆಣದ ಹತ್ತಿರ ಮಗಳು ನನ್ನ ಕೈ ಹಿಡಿದುಕೊಂಡು ಅತ್ತಳು. ಕಡೆಯ ದಿನಗಳಲ್ಲಿ ಅಪ್ಪ ಬಂದವರ ಮುಂದೆಲ್ಲ ಒಂದೇ ಮಾತು ಹೇಳುತ್ತಿದ್ದರಂತೆ: ಹುಡುಗನಿಗೆ ಯಾರೂ ಏನೂ ಅನ್ನಬೇಡಿ, ಪಾಪ, ಅವನಿಗೆ ಗೊತ್ತಿರಲಿಲ್ಲ.

ಹೆಗಲು ಕೊಟ್ಟೆ. ದಾರಿಯುದ್ದಕ್ಕೂ ಭುಜ ಬದಲಿಸಲು ಬಂದವರಿಗೆ ಬಿಟ್ಟುಕೊಡಲಿಲ್ಲ. ಅದನ್ನು ನೋಡಿ ಜನ, ಗುರುವಿನ ಋಣ ತೀರಿಸಿದ ಎಂದು ನನ್ನನ್ನು ಹೊಗಳಿದರು. ಕಾಕಾ, ನನಗೆ ಗೊತ್ತಿತ್ತು.