ಒಂದೇ ಗಂಟೆಯ ಅಕ್ಕ

ತನ್ನೂರಿಗೂ ಅಕ್ಕನ ಊರಿಗೂ ನಡುವೆ ವಿಮಾನ ಶುರುವಾದ ದಿನ, ಒಂಟಿ ಜೀವದ ನಮ್ಮ ಕ್ಷೌರಿಕ ಕತ್ತರಿಯನ್ನು ಖಡ್ಗದಂತೆ ಎತ್ತಿ, "ಆರುನೂರು ಕಿಲೋಮೀಟರ್, ಒಂದೇ ಗಂಟೆ! ದೂರ ಅನ್ನೋದೇ ಸತ್ತೋಯ್ತು!" ಎಂದು ಅಂಗಡಿಯಲ್ಲಿ ವಿಜಯಘೋಷ ಮಾಡಿದ. ಅರ್ಧ ಮೀಸೆಯ ಗಿರಾಕಿ ಬೆಚ್ಚಿಬಿದ್ದ.

ರಾತ್ರಿಯಿಡೀ ಬಸ್ಸಿನಲ್ಲಿ ಕುಲುಕಿಕೊಂಡು ಬರುತ್ತಿದ್ದ ಕಾಲದಲ್ಲಿ ಅಕ್ಕ ವಾರವಾದರೂ ಇರುತ್ತಿದ್ದಳು. ಅವನ ಮನೆಯಲ್ಲಿ ಎರಡನೆಯ ದನಿ ಕೇಳುತ್ತಿದ್ದುದು ಆಗ ಮಾತ್ರ. ಈಗ ಬೆಳಿಗ್ಗೆ ಹಾರಿಬಂದವಳು ಸಂಜೆಗೆ ಚೀಲ ಹೆಗಲಿಗೇರಿಸಿದಳು. ಅವಳಿಗೆಂದು ಹಾಸಿದ್ದ ಹಾಸಿಗೆ ಸುಕ್ಕೂ ಆಗಿರಲಿಲ್ಲ.

"ಇವತ್ತೊಂದಿನ ಇರಕ್ಕಾ."

"ಒಂದು ಗಂಟೆ ದಾರಿಗೆ ಉಳ್ಕೊಳ್ಳೋದೇನೋ, ಪೆದ್ದ! ಬೇಕಾದಾಗ ಬರ್ತೀನಿ."

"ಹಾಗಾದ್ರೆ ಮುಂದಿನ ಸಲ ಬಸ್ಸಲ್ಲೇ ಬಾ."

"ಸೊಂಟ ಬಿದ್ದೋಗುತ್ತೆ ಕಣೋ!"

"ಅದಕ್ಕೇ ಅಕ್ಕಾ. ಸೊಂಟ ಸರಿಹೋಗೋ ತನಕ ಇರ್ತೀಯಲ್ಲ."

ತಮ್ಮ ತಮಾಷೆ ಮಾಡಿದನೆಂದುಕೊಂಡು ಅಕ್ಕ ನಗುತ್ತಲೇ ಟ್ಯಾಕ್ಸಿ ಹತ್ತಿದಳು.